ಜಪಾನಿನ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೊರಟ ಕನ್ನಡಿಗರಿಗೆ

ಜಪಾನಿನ ಶಾಲೆಯ ಮೂರನೇ ತರಗತಿಯಲ್ಲಿ ‘ಕ್ರಿಸ್‌ಮಸ್’ ಎನ್ನುತ್ತ ಚಪ್ಪಾಳೆ ತಟ್ಟಿ ಎಂದರೆ ಐದು ಚಪ್ಪಾಳೆ ಬೀಳುತ್ತವೆ: ಕು, ರಿ, ಸು, ಮ, ಸು. ಇಂಗ್ಲಿಷಿನ ಲೆಕ್ಕದಲ್ಲಿ ಅಲ್ಲಿರುವುದು ಎರಡೇ. ‘ಮಿಲ್ಕ್’ಗೆ ಮೂರು ತಟ್ಟುತ್ತಾರೆ, ‘ಸ್ಟ್ರೈಕ್’ಗೆ ಐದು, ‘ಐಸ್‌ಕ್ರೀಮ್’ಗೆ ಏಳು. ಈ ಮಕ್ಕಳಿಗೆ ಇಂಗ್ಲಿಷ್ ಪದಗಳ ಪರಿಚಯ ಚೆನ್ನಾಗಿಯೇ ಇದೆ. ಕತಕಾನಾ ಲಿಪಿಯಲ್ಲಿ ಬರೆಯುವ ಇಂಗ್ಲಿಷ್ ಮೂಲದ ಎಷ್ಟೋ ಪದಗಳು ಶಾಲೆಗೆ ಸೇರುವ ಮೊದಲೇ ಅವರ ಬಾಯಲ್ಲಿರುತ್ತವೆ. ತೊಡಕು ಇರುವುದೂ ಅಲ್ಲೇ. ಗೊತ್ತೇ ಇಲ್ಲದ ಪದವನ್ನು ಕಲಿಸುವುದು ಸುಲಭ, ಗೊತ್ತಿರುವ ಪದವನ್ನು ಬೇರೆ ಥರ ಕೇಳಿಸಿಕೊಳ್ಳುವಂತೆ ಮಾಡುವುದು ಕಷ್ಟ.

ಇದು ಏಕೆ ಹೀಗೆ ಎಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನಾವೂ ಬಸ್ಸು, ಕಾರು, ಬ್ಯಾಂಕು, ಲೈಟು ಎನ್ನುವವರೇ. ಪದ ವ್ಯಂಜನದಲ್ಲಿ ನಿಂತರೆ ನಮ್ಮ ನಾಲಿಗೆಗೆ ಸಮಾಧಾನವಿಲ್ಲ, ಒಂದು ಉಕಾರ ಬೇಕು. ಜಪಾನಿ ಭಾಷೆಯಲ್ಲಿ ಈ ನಿಯಮ ಇನ್ನೂ ಬಿಗಿ. ಪದದ ಕೊನೆಗೆ ಒಂಟಿಯಾಗಿ ನಿಲ್ಲಬಲ್ಲ ವ್ಯಂಜನ ‘ನ್’ ಒಂದೇ. ಉಳಿದವಕ್ಕೆಲ್ಲ ಸ್ವರ ಅಂಟಲೇಬೇಕು: ಟ, ಡ ಬಂದರೆ ಒ, ಚ, ಜ ಬಂದರೆ ಹೆಚ್ಚಾಗಿ ಇ, ಮಿಕ್ಕ ಕಡೆ ಸಾಮಾನ್ಯವಾಗಿ ಉ. ಹಾಗಾಗಿ ಬಸ್ ‘ಬಸು’ ಆಗುತ್ತದೆ, ಬೆಡ್ ‘ಬೆದ್ದೊ’, ಬೆಂಚ್ ‘ಬೆಂಚಿ’. ನಮಗೆ ಒತ್ತಕ್ಷರಗಳು ಸಲೀಸು, ಅವರು ಅವನ್ನೂ ಬಿಡಿಸಿ ನಡುವೆ ಸ್ವರ ತುಂಬುತ್ತಾರೆ. ಈ ಬಾಲದ ಸ್ವರವನ್ನು ಕತ್ತರಿಸುವುದೇ ಜಪಾನಿನ ಮಕ್ಕಳೊಂದಿಗಿನ ಮೊದಲ ಎರಡು ವರ್ಷದ ಮುಖ್ಯ ಕೆಲಸ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪದಗಳ ಪಟ್ಟಿ, ವ್ಯಾಕರಣ, ಕೈಬರಹ ಎಲ್ಲ ಆಮೇಲೆ.

ಶಾಲೆ ಏನು ಕೇಳುತ್ತದೆ

ಜಪಾನಿನಲ್ಲಿ 2011ರಿಂದ ಐದು ಮತ್ತು ಆರನೇ ತರಗತಿಗೆ ವಿದೇಶಿ ಭಾಷೆಯ ಚಟುವಟಿಕೆ ಕಡ್ಡಾಯವಾಯಿತು. 2020ರಲ್ಲಿ ಆ ಚಟುವಟಿಕೆ ಮೂರು ಮತ್ತು ನಾಲ್ಕನೇ ತರಗತಿಗೆ ಇಳಿಯಿತು, ವರ್ಷಕ್ಕೆ 35 ಪೀರಿಯಡ್. ಐದು ಮತ್ತು ಆರಕ್ಕೆ ಅದು ಅಂಕಪಟ್ಟಿಯಲ್ಲಿ ಸೇರುವ ಪೂರ್ಣ ವಿಷಯವಾಯಿತು, ವರ್ಷಕ್ಕೆ 70 ಪೀರಿಯಡ್. ಒಂದು ಪೀರಿಯಡ್ 45 ನಿಮಿಷ. ಆರನೇ ತರಗತಿ ಮುಗಿಯುವಷ್ಟರಲ್ಲಿ 600ರಿಂದ 700 ಪದಗಳ ಪರಿಚಯ ಆಗಬೇಕು ಎಂಬುದು ಪಠ್ಯಕ್ರಮದ ಅಳತೆ. ಮೂರು ಮತ್ತು ನಾಲ್ಕರಲ್ಲಿ ಕೇಳುವುದು, ಮಾತಾಡುವುದು ಮಾತ್ರ. ದೊಡ್ಡಕ್ಷರಗಳನ್ನು ಮೂರರಲ್ಲಿ, ಸಣ್ಣಕ್ಷರಗಳನ್ನು ನಾಲ್ಕರಲ್ಲಿ ಗುರುತಿಸಿದರೆ ಸಾಕು.

ಹೊರಗಿನಿಂದ ಬರುವ ನೀವು ಸಹಾಯಕ ಭಾಷಾ ಶಿಕ್ಷಕರು, ಅಲ್ಲಿನವರ ಬಾಯಲ್ಲಿ ‘ಎಎಲ್‌ಟಿ’. ತರಗತಿಯ ಯಜಮಾನಿಕೆ ‘ತನ್ನಿನ್’ ಎಂಬ ಕ್ಲಾಸ್ ಟೀಚರದ್ದು. ಯಾವ ಮಗು ಬೆಳಿಗ್ಗೆ ಅತ್ತಿದೆ, ಯಾವ ಇಬ್ಬರನ್ನು ಜೋಡಿ ಮಾಡಬಾರದು ಎಂಬುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಪಾಠಕ್ಕೆ ಮೊದಲು ಮಾತಾಡಲು ಸಿಗುವುದು ಐದು ನಿಮಿಷ, ಎಷ್ಟೋ ಸಲ ಅದೂ ಇಲ್ಲ. ಆದ್ದರಿಂದ ಹಿಂದಿನ ದಿನವೇ ಒಂದು ಪುಟದ ಯೋಜನೆ ಅವರ ಮೇಜಿನ ಮೇಲಿರಲಿ. ಎಡಗಡೆ ನಿಮಿಷ, ನಡುವೆ ಚಟುವಟಿಕೆ, ಬಲಗಡೆ ಅವರು ಏನು ಮಾಡಬೇಕು. ಬಲಗಡೆ ಖಾಲಿ ಬಿಟ್ಟರೆ ಅವರು ಹಿಂದಿನ ಬೆಂಚಿನ ಹತ್ತಿರ ನಿಂತು ನೋಟ್‌ಬುಕ್ ತಿದ್ದುತ್ತಾರೆ. ಆಮೇಲೆ ತರಗತಿ ಗಲಾಟೆಯಾದಾಗ ನಿಮಗೆ ಆಸರೆ ಇರುವುದಿಲ್ಲ.

ಮೊದಲು ನಮ್ಮ ನಾಲಿಗೆ

ಕನ್ನಡದ ಕಿವಿ ಅನುಕೂಲವಾದರೂ ಕನ್ನಡದ ನಾಲಿಗೆಗೆ ಸ್ವಲ್ಪ ತಯಾರಿ ಬೇಕು. ಅತಿ ಮುಖ್ಯವಾದದ್ದು ರ. ಜಪಾನಿ ಭಾಷೆಯಲ್ಲಿ ರ, ಲ ಎಂಬ ಎರಡು ಇಲ್ಲ. ನಾಲಿಗೆ ತುದಿ ಒಮ್ಮೆ ತಟ್ಟಿ ಬಿಡುವ ಒಂದೇ ಧ್ವನಿ ಇದೆ, ಅದು ನಮ್ಮ ಸಾಮಾನ್ಯ ರಕಾರಕ್ಕೆ ತೀರ ಹತ್ತಿರ. ನೀವು ‘ರೈಟ್’ ಎಂದು ಕನ್ನಡದ ರ ಹಾಕಿ ಹೇಳಿದರೆ ಮಗುವಿಗೆ ತನ್ನದೇ ಧ್ವನಿ ಕೇಳಿಸುತ್ತದೆ, ‘ಲೈಟ್’ಗೂ ಅದಕ್ಕೂ ಅಂತರ ಹಿಡಿಯಲು ಏನೂ ಸಿಗುವುದಿಲ್ಲ. ಇಂಗ್ಲಿಷಿನ ಆರ್‌ಗೆ ತುಟಿ ಕೊಂಚ ಗುಂಡಗಾಗಬೇಕು, ನಾಲಿಗೆ ಹಿಂದೆ ಸರಿಯಬೇಕು, ಎಲ್ಲಿಯೂ ತಟ್ಟಬಾರದು. ಲ ಹೇಳುವಾಗ ತುದಿಯನ್ನು ಮೇಲ್ಹಲ್ಲಿನ ಹಿಂದೆ ಒತ್ತಿ ಎರಡು ಸೆಕೆಂಡ್ ಹಾಗೇ ಹಿಡಿಯಿರಿ, ಮಕ್ಕಳಿಗೆ ಕಾಣುವಂತೆ.

ಎರಡನೆಯದು ಉಸಿರು. ಎರಡು ಸೆಂಟಿಮೀಟರ್ ಅಗಲದ ಟಿಶ್ಯೂ ಪಟ್ಟಿಯನ್ನು ಬಾಯಿಂದ ಐದು ಸೆಂಟಿಮೀಟರ್ ದೂರ ಹಿಡಿದು ‘ಪೆನ್’ ಎನ್ನಿ. ಕನ್ನಡದ ಪ ಹೇಳಿದರೆ ಪಟ್ಟಿ ಅಲುಗುವುದಿಲ್ಲ. ಪದದ ಮೊದಲಿಗೆ ಬರುವ ಇಂಗ್ಲಿಷಿನ ಪಿ, ಟಿ, ಕೆ ಉಸಿರು ಹೊರಟು ಪಟ್ಟಿಯನ್ನು ಹಾರಿಸುತ್ತವೆ. ಈ ಉಸಿರಿಲ್ಲದೆ ‘ಪಿಗ್’ ಎಂದರೆ ಅದನ್ನು ‘ಬಿಗ್’ ಎಂದು ಕೇಳಿಸಿಕೊಳ್ಳುವ ಸಾಧ್ಯತೆ ಇದೆ. ಮೂರನೆಯದು ವ. ನಾವು ‘ವೆಸ್ಟ್’ ಎಂದರೆ ಅಂಗಿಯೋ ಪಶ್ಚಿಮವೋ ತಿಳಿಯದು, ಎರಡಕ್ಕೂ ಒಂದೇ ವ ಬಳಸುತ್ತೇವೆ. ಮಕ್ಕಳು ವಿ ಅಕ್ಷರವನ್ನು ‘ಬ’ ಮಾಡುತ್ತಾರೆ. ಮೇಲ್ಹಲ್ಲು ಕೆಳತುಟಿಯ ಮೇಲೆ ಕೂತರೆ ವಿ, ತುಟಿ ಮುಂದೆ ಬಂದು ಗುಂಡಗಾದರೆ ಡಬ್ಲ್ಯೂ. ಕನ್ನಡಿಯ ಮುಂದೆ ವಾರವೊಂದು ಅಭ್ಯಾಸ ಮಾಡಿದರೆ ಹಿಡಿತಕ್ಕೆ ಬರುತ್ತದೆ. ‘ಥ್ಯಾಂಕ್’ ಕೂಡ ಹಾಗೇ: ಮಗು ‘ಸಾಂಕ್ಯೂ’ ಎನ್ನುತ್ತದೆ, ನಾವು ‘ಥ’ ಎಂದು ತಡೆದು ಬಿಡುತ್ತೇವೆ. ನಾಲಿಗೆ ತುದಿ ಹಲ್ಲುಗಳ ನಡುವೆ ಇಟ್ಟು ಗಾಳಿಯನ್ನು ತಡೆಯದೆ ಹೋಗಲು ಬಿಡಬೇಕು. ‘ಯೆಗ್’, ‘ವೊನ್ಲಿ’ ಎಂದು ಮೊದಲಿಗೆ ಸೇರುವ ಯ, ವ ಕೂಡ ಬಿಡಬೇಕಾದವು.

ಇದನ್ನು ಹೇಳುವುದು ನಮ್ಮ ಉಚ್ಚಾರಣೆ ಕೀಳು ಎಂಬ ಅರ್ಥದಲ್ಲಿ ಖಂಡಿತ ಅಲ್ಲ. ದೊಡ್ಡವರ ಸಂಭಾಷಣೆಯಲ್ಲಿ ನಮ್ಮ ಇಂಗ್ಲಿಷ್ ಎಲ್ಲೂ ಸೋಲುವುದಿಲ್ಲ. ಆದರೆ ಧ್ವನಿಗಳ ಅಂತರವನ್ನು ಮೊದಲ ಸಲ ಕೇಳುತ್ತಿರುವ ಎಂಟು ವರ್ಷದ ಕಿವಿಗೆ ಆ ಅಂತರ ಸ್ಪಷ್ಟವಾಗಿ ಸಿಗಬೇಕು.

ಬಾಲ ಕತ್ತರಿಸುವ ಕ್ರಮ

ಪ್ರತಿ ಪಾಠದಲ್ಲಿ ನಾಲ್ಕೈದು ನಿಮಿಷ ಸಾಕು, ಆದರೆ ಪ್ರತಿ ಪಾಠದಲ್ಲೂ ಇರಬೇಕು. ಮೊದಲು ಬರೀ ಕೇಳಿಸುವುದು. ಪ್ರತಿ ಮಗುವಿಗೆ ಎರಡು ಬಣ್ಣದ ಚೀಟಿ. ನೀವು ‘ಕ್ಯಾಪ್’ ಎಂದರೆ ಹಳದಿ, ‘ಕ್ಯಾಪ್ಪು’ ಎಂದರೆ ನೀಲಿ ಎತ್ತಬೇಕು. ಹತ್ತು ಪದ, ಕ್ರಮವಿಲ್ಲದೆ. ಹತ್ತರಲ್ಲಿ ಎಂಟು ಸರಿಯಾಗುವವರೆಗೂ ಹೇಳಿಸಲು ಹೋಗಬೇಡಿ. ಕೇಳಿಸದ ಅಂತರವನ್ನು ಬಾಯಿ ಮಾಡಲಾರದು.

ಆಮೇಲೆ ಚಪ್ಪಾಳೆ. ‘ಡಾಗ್’ಗೆ ಒಂದೇ ಎಂದಾಗ ಮಕ್ಕಳಿಗೆ ಆಶ್ಚರ್ಯವಾಗುತ್ತದೆ, ಆ ಆಶ್ಚರ್ಯವೇ ಪಾಠ. ಜಪಾನಿ ಹೇಳುವಿಕೆ ತಪ್ಪು ಎಂದು ಯಾವತ್ತೂ ಹೇಳಬೇಡಿ. ‘ಮಿರುಕು’ ಜಪಾನಿ ಪದ, ಮೂರು ಚಪ್ಪಾಳೆ, ಸರಿಯಾಗಿದೆ. ‘ಮಿಲ್ಕ್’ ಇಂಗ್ಲಿಷ್ ಪದ, ಒಂದು ಚಪ್ಪಾಳೆ. ಎರಡನ್ನೂ ಹೇಳಿಸಿ, ಎರಡನ್ನೂ ತಟ್ಟಿಸಿ.

ಮೂರನೆಯದು ಹೇಳಿಸುವುದು, ಇಲ್ಲಿ ಅಕ್ಷರಗಳ ಕ್ರಮ ಬಹಳ ಮುಖ್ಯ. ಎಸ್ ಕೊನೆಗೆ ಬರುವ ಪದಗಳಿಂದ ಶುರು ಮಾಡಿ. ಜಪಾನಿ ಮಾತಿನಲ್ಲೇ ಕೊನೆಯ ‘ಸು’ವಿನ ಉಕಾರ ಎಷ್ಟೋ ಸಲ ಉಸಿರಾಗಿ ಕರಗುತ್ತದೆ, ‘ದೆಸು’ ಎಂಬುದು ‘ದೆಸ್’ ಎಂದೇ ಕೇಳುತ್ತದೆ. ಹಾಗಾಗಿ ಬಸ್, ಯೆಸ್, ಡ್ರೆಸ್ ಬೇಗ ಬರುತ್ತವೆ. ನಂತರ ತುಟಿ ಮುಚ್ಚುವ ಪಿ, ಎಂ: ‘ಕಪ್’ ಎಂದು ತುಟಿ ಮುಚ್ಚಿ ಮೂರು ಎಣಿಸುವವರೆಗೂ ತೆರೆಯಬಾರದು ಎಂದರೆ ಬಾಲ ಹುಟ್ಟುವುದಕ್ಕೆ ಜಾಗವೇ ಇಲ್ಲ. ಆಮೇಲೆ ಕೆ. ಟಿ, ಡಿ, ಜಿ ಕೊನೆಗೆ, ಅವುಗಳ ಒಕಾರ, ಉಕಾರ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ಹ್ಯಾ’ ಎನ್ನುವಾಗ ಕಂಪನ, ‘ಟ್’ ಬಂದಾಗ ಕಂಪನ ನಿಲ್ಲಬೇಕು ಎಂದು ಕೈಗೇ ತಿಳಿಸಿ.

ಸ್ವರಗಳಲ್ಲಿ ಒಂದು ಗಂಟಿದೆ. ಕ್ರಿಕೆಟ್ಟಿನ ಬ್ಯಾಟ್, ‘ಆದರೆ’ ಎಂಬರ್ಥದ ಬಟ್, ಎರಡೂ ಕತಕಾನಾದಲ್ಲಿ ಒಂದೇ ರೀತಿ, ‘ಬತ್ತೊ’. ಟೋಪಿಯ ಹ್ಯಾಟ್ ಮತ್ತು ಗುಡಿಸಲಿನ ಹಟ್ ಕೂಡ ಹಾಗೇ. ಆ್ಯ ಧ್ವನಿಗೆ ಬಾಯಿ ಎರಡು ಬೆರಳು ಹೋಗುವಷ್ಟು ತೆರೆಸಿ. ‘ಸೀ’ ಮತ್ತು ‘ಶೀ’ ಎರಡೂ ‘ಶೀ’ ಆಗುತ್ತವೆ. ಅದಕ್ಕೆ ಹಲ್ಲು ಕೂಡಿಸಿ ಹಾವಿನ ಹಾಗೆ ಸ್ಸ್ಸ್ ಎಂದು ಎರಡು ಸೆಕೆಂಡ್ ಎಳೆದು, ಹಲ್ಲು ಬಿಡದೆ ಈ ಸೇರಿಸಬೇಕು. ನೇರವಾಗಿ ‘ಸೀ’ ಹೇಳಿಸಲು ಹೋದರೆ ಪ್ರತಿ ಸಲವೂ ‘ಶೀ’ ಬರುತ್ತದೆ.

ರೋಮಾಜಿ ಎಂಬ ಬಲೆ

ಮೂರನೇ ತರಗತಿಯಲ್ಲಿ ಜಪಾನಿ ಭಾಷೆಯ ಪೀರಿಯಡ್‌ನಲ್ಲೇ ಮಕ್ಕಳು ರೋಮಾಜಿ ಕಲಿಯುತ್ತಾರೆ, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಜಪಾನಿ ಬರೆಯುವುದು. ಅಲ್ಲಿ ಪ್ರತಿ ಸ್ವರಾಕ್ಷರಕ್ಕೂ ಒಂದೇ ಧ್ವನಿ. ಹೀಗಾಗಿ ‘ಮೇಕ್’ ಎಂದು ಬರೆದಿದ್ದನ್ನು ‘ಮಕೆ’ ಎಂದು ಓದುತ್ತಾರೆ, ಅಂದರೆ ಸೋಲು. ‘ಟೇಕ್’ ಬಿದಿರಾಗುತ್ತದೆ, ‘ಸೇಮ್’ ಶಾರ್ಕ್ ಮೀನಾಗುತ್ತದೆ, ‘ಕಮ್’ ಅಕ್ಕಿಯಾಗುತ್ತದೆ. ಮಗು ತಪ್ಪು ಓದುತ್ತಿಲ್ಲ, ತಾನು ಕಲಿತ ನಿಯಮದ ಪ್ರಕಾರ ಸರಿಯಾಗಿಯೇ ಓದುತ್ತಿದೆ. ಇದನ್ನು ತಿಳಿಯದ ಶಿಕ್ಷಕರು ಮಗುವಿಗೆ ಓದು ಬರುವುದಿಲ್ಲ ಎಂದು ತೀರ್ಮಾನಿಸುವುದು ಬೇಸರದ ಸಂಗತಿ.

ದಾರಿ ಇದೆ. ‘ನ್’ ಒಂದೇ ಒಂಟಿಯಾಗಿ ನಿಲ್ಲಬಲ್ಲದು ಎಂದೆನಲ್ಲ, ಅಲ್ಲಿಂದಲೇ ಆರಂಭಿಸಿ. ಪೆನ್, ಟೆನ್, ಪಿನ್: ಇವನ್ನು ರೋಮಾಜಿ ನಿಯಮದಲ್ಲಿ ಓದಿದರೂ ಬಹುಮಟ್ಟಿಗೆ ಅದೇ ಧ್ವನಿ ಬರುತ್ತದೆ, ಮೊದಲ ದಿನವೇ ಮಗು ಇಂಗ್ಲಿಷ್ ಓದಿದ ಹಾಗಾಗುತ್ತದೆ. ಆಮೇಲೆ ಕೊನೆಯ ಅಕ್ಷರದ ಕಾರ್ಡ್ ಮಾತ್ರ ಬದಲಿಸಿ: ಪೆನ್ ಹೋಗಿ ಪೆಟ್, ಪಿನ್ ಹೋಗಿ ಪಿಗ್. ಮೂರಕ್ಷರದ, ವ್ಯಂಜನದಲ್ಲಿ ಮುಗಿಯುವ ಪದಗಳಲ್ಲೇ ಸಾಕಷ್ಟು ಕಾಲ ಇರಿ. ಕೊನೆಗೆ ಮೂಕ ‘ಇ’ ಬರುವ ಪದಗಳನ್ನು ಓದಿಸುವುದು ಆರನೇ ತರಗತಿಗೆ ಬಿಡಿ. ಚಿತ್ರದ ಕಾರ್ಡಿನ ಕೆಳಗೆ ಕತಕಾನಾದಲ್ಲಿ ಉಚ್ಚಾರಣೆ ಬರೆಯಬೇಡಿ. ಬರೆದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಕಿವಿ ಮುಚ್ಚುತ್ತದೆ.

45 ನಿಮಿಷ

ಮೂರನೇ ತರಗತಿಗೆ ಸರಿಹೊಂದುವ ಹಂಚಿಕೆ: ನಮಸ್ಕಾರ ಮತ್ತು ಅಂದಿನ ಗುರಿ 3 ನಿಮಿಷ, ಹಾಡು 4, ಹಳೆಯ ಪದಗಳು 5, ಹೊಸ ಪದಗಳು ಮತ್ತು ಧ್ವನಿ ಅಭ್ಯಾಸ 8, ಆಟ 12, ಜೋಡಿ ಮಾತು 8, ಕೊನೆಯ ಹಾಳೆ 5. ಗುರಿಗೆ ‘ಮೆಅತೆ’ ಎನ್ನುತ್ತಾರೆ, ಅದನ್ನು ಕ್ಲಾಸ್ ಟೀಚರ್ ಕರಿಹಲಗೆಯ ಮೇಲೆ ಚೌಕಟ್ಟು ಹಾಕಿ ಬರೆಯುತ್ತಾರೆ. ಕೊನೆಯ ಹಾಳೆ ‘ಫುರಿಕಾಎರಿ’, ಮಗು ತಾನೇ ಇಂದು ಏನು ಮಾಡಬಲ್ಲೆ ಎಂದು ಬರೆಯುವುದು. ಆಟ ಚೆನ್ನಾಗಿ ಸಾಗಿದೆ ಎಂದು ಈ ಐದು ನಿಮಿಷ ನುಂಗಬೇಡಿ.

ಹೊಸ ಪದಗಳು ಆರರಿಂದ ಎಂಟು, ಹೆಚ್ಚು ಬೇಡ. ಅಲ್ಲಿನ ಕರಿಹಲಗೆಗಳಿಗೆ ಅಯಸ್ಕಾಂತ ಅಂಟುತ್ತದೆ, ಆದ್ದರಿಂದ ಎ4 ಅಳತೆಯ ಕಾರ್ಡುಗಳ ಹಿಂದೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿ ಇಟ್ಟುಕೊಳ್ಳಿ. ಲ್ಯಾಮಿನೇಟ್ ಮಾಡುವಾಗ ಹೊಳಪಿನ ಹಾಳೆಯಾದರೆ ಕಿಟಕಿಯ ಬೆಳಕು ಬಿದ್ದು ಹಿಂದಿನ ಸಾಲಿಗೆ ಏನೂ ಕಾಣುವುದಿಲ್ಲ.

ಆಟಗಳಲ್ಲಿ ಕರುತಾ ಎಂಬುದು ಅವರ ಮನೆಯದೇ ಆಟ: ಕಾರ್ಡುಗಳನ್ನು ಹರಡಿ, ಕೇಳಿದ್ದನ್ನು ಮೊದಲು ಮುಟ್ಟಿದವರಿಗೆ ಆ ಕಾರ್ಡು. ನಾಲ್ವರ ಗುಂಪಿಗೆ 12ರಿಂದ 16 ಕಾರ್ಡು. ಇದು ಹದಗೆಡುವುದು ಮೂರು ಕಡೆ. ತಲೆಗಳು ಡಿಕ್ಕಿಯಾಗುತ್ತವೆ, ಅದಕ್ಕೆ ಪದ ಹೇಳಿ ಮುಗಿಸುವವರೆಗೂ ಎರಡೂ ಕೈ ತಲೆಯ ಮೇಲೆ. ಸುಮ್ಮನೆ ಯಾವುದೋ ಕಾರ್ಡಿಗೆ ಕೈ ಹಾಕುತ್ತಾರೆ, ಅದಕ್ಕೆ ತಪ್ಪು ಮುಟ್ಟಿದವರಿಗೆ ಒಂದು ಸುತ್ತು ವಿರಾಮ, ಆ ನಿಯಮ ಅವರಿಗೆ ಮೊದಲೇ ಗೊತ್ತು. ಒಂದೇ ಮಗು ಎಲ್ಲವನ್ನೂ ಬಾಚಿಕೊಳ್ಳುತ್ತದೆ, ಅದಕ್ಕೆ ಪ್ರತಿ ಕಾರ್ಡಿನ ಎರಡು ಪ್ರತಿ ಇಡಿ, ಮೂರು ಸುತ್ತಿಗೊಮ್ಮೆ ಗುಂಪು ಬದಲಿಸಿ. ಪದವನ್ನು ನೀವು ಹೇಳಿದ ಮೇಲೆ ಎಲ್ಲರೂ ಒಮ್ಮೆ ಹೇಳಿ ಆಮೇಲೆ ಮುಟ್ಟಬೇಕು ಎಂಬ ನಿಯಮ ಸೇರಿಸಿದರೆ ಆಟದ ಹನ್ನೆರಡು ನಿಮಿಷದಲ್ಲಿ ಪ್ರತಿ ಮಗುವಿನ ಬಾಯಿ ಹತ್ತಾರು ಸಲ ತೆರೆಯುತ್ತದೆ. ಸೋತವರು ಕೂರಬೇಕಾದ ಆಟಗಳನ್ನು ಪೂರ್ತಿ ಬಿಟ್ಟುಬಿಡಿ. ಅವುಗಳಲ್ಲಿ ಮೊದಲು ಹೊರಬೀಳುವುದು ಹೆಚ್ಚು ಅಭ್ಯಾಸ ಬೇಕಾದ ಮಗುವೇ. ಸರದಿ ತೀರ್ಮಾನಕ್ಕೆ ಜಾನ್‌ಕೆನ್ ಇದೆ, ಕಲ್ಲು-ಕಾಗದ-ಕತ್ತರಿ. ಅದರ ತೀರ್ಪಿಗೆ ಯಾವ ಮಗುವೂ ಜಗಳ ತೆಗೆಯುವುದು ಅಪರೂಪ.

‘ಹೌ ಆರ್ ಯೂ’ ಎಂದರೆ ಇಡೀ ತರಗತಿ ಒಂದೇ ರಾಗದಲ್ಲಿ ‘ಐ ಯಾಮ್ ಫೈನ್’ ಎನ್ನುವುದು ಮಾತಲ್ಲ. ಹಸಿವು, ನಿದ್ದೆ, ಸೆಕೆ, ಚಳಿ, ಖುಷಿ ಇವುಗಳ ಐದು ಚಿತ್ರ ಅಂಟಿಸಿ ಆರಿಸಲು ಬಿಡಿ. ನಾಲ್ಕನೇ ಪೀರಿಯಡ್‌ನಲ್ಲಿ, ಊಟಕ್ಕೆ ಮುಂಚೆ, ‘ಹಂಗ್ರಿ’ ಎಂಬ ಪದ ಎಷ್ಟು ನಿಜವಾಗಿ ಬರುತ್ತದೆ ನೋಡಿ.

ಮೌನಕ್ಕೆ ಹೆದರಬೇಡಿ. ಒಂಟಿಯಾಗಿ ಎದ್ದು ನಿಂತು ತಪ್ಪು ಹೇಳುವುದು ಅಲ್ಲಿನ ಮಕ್ಕಳಿಗೆ ಭಾರಿ ಸಂಕೋಚ. ಪ್ರಶ್ನೆ ಕೇಳಿದರೆ ಪಕ್ಕದವರ ಹತ್ತಿರ ಪಿಸುಗುಟ್ಟಿ ಆಮೇಲೆ ಉತ್ತರಿಸುತ್ತಾರೆ, ಅದನ್ನು ಕಾಪಿ ಎಂದು ತಿಳಿಯಬಾರದು. ಎಲ್ಲರೂ ಒಟ್ಟಿಗೆ, ನಂತರ ಅರ್ಧ ತರಗತಿ, ನಂತರ ಜೋಡಿ, ಕೊನೆಗೆ ಒಬ್ಬರು: ಈ ಮೆಟ್ಟಿಲು ತಪ್ಪಿಸಿದರೆ ಮೌನ ಖಚಿತ. ನಾವು ಶಾಲೆಯಲ್ಲಿ ಕಂಡ ‘ನೀನು ಎದ್ದು ಹೇಳು’ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಸಣ್ಣವು ಎನಿಸಿದರೂ

ಸರಿ ಉತ್ತರಕ್ಕೆ ನಾವು ಹಾಕುವ ಟಿಕ್ ಗುರುತು ಜಪಾನಿನ ಮಗುವಿಗೆ ತಪ್ಪು ಎಂದೇ ಅರ್ಥ. ಸರಿಯಾದದ್ದಕ್ಕೆ ಕೆಂಪು ವೃತ್ತ ‘ಮರು’, ಬಹಳ ಚೆನ್ನಾಗಿದ್ದರೆ ಹೂವಿನಾಕಾರದ ‘ಹನಮರು’. ನಮ್ಮ ಪಕ್ಕಕ್ಕೆ ತಲೆಯಾಡಿಸುವ ಹೌದು ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ, ಮೇಲೆ ಕೆಳಗೆ ಸ್ಪಷ್ಟವಾಗಿ ಆಡಿಸಿ. ಬೆರಳೆಣಿಕೆಯಲ್ಲಿ ಅವರು ತೆರೆದ ಅಂಗೈಯಿಂದ ಹೆಬ್ಬೆರಳು ಮಡಚಿ ಒಂದು ಎನ್ನುತ್ತಾರೆ. ಟ್ರಾಫಿಕ್ ಸಿಗ್ನಲ್ಲಿನ ಹಸಿರಿಗೆ ಅವರ ಮಾತಿನಲ್ಲಿ ನೀಲಿಯ ಹೆಸರೇ ಇದೆ, ಬಣ್ಣಗಳ ಪಾಠದಲ್ಲಿ ಎಲೆ, ಸಿಗ್ನಲ್ ಚಿತ್ರ ಬಳಸಿದರೆ ಗೊಂದಲ, ಬರೀ ಬಣ್ಣದ ಕಾಗದ ಬಳಸಿ. ಬಹುಮಾನವೆಂದು ಚಾಕೊಲೇಟ್ ಕೊಡಬೇಡಿ, ಅಲರ್ಜಿಯ ಕಾರಣಕ್ಕೂ ಶಾಲೆಯ ಶಿಸ್ತಿನ ಕಾರಣಕ್ಕೂ ಆಗದು. ಸ್ಟಿಕರ್ ಸಾಕು.

ಮಧ್ಯಾಹ್ನದ ಊಟ ‘ಕ್ಯೂಶೊಕು’ ಮಕ್ಕಳ ಜೊತೆ ತರಗತಿಯಲ್ಲೇ. 200 ಮಿಲಿಲೀಟರ್ ಹಾಲಿನ ಪೊಟ್ಟಣ ಹಿಡಿದು ಒಂದೇ ಚಪ್ಪಾಳೆಯ ‘ಮಿಲ್ಕ್’ ಹೇಳಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಸ್ಯಾಹಾರಿಗಳು ಮೊದಲೇ ತಿಳಿಸಿ ಬುತ್ತಿ ಒಯ್ಯಬೇಕು, ತರಕಾರಿ ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ.

ವೀಸಾ, ಒಪ್ಪಂದ

ಸರ್ಕಾರಿ ಶಾಲೆಯಲ್ಲಿ ಕಲಿಸಲು ಬೇಕಾದ ‘ಇನ್‌ಸ್ಟ್ರಕ್ಟರ್’ ವೀಸಾಕ್ಕೆ ಭಾಷಾ ಬೋಧನೆಯ ವಿಷಯದಲ್ಲಿ ಒಂದು ಷರತ್ತಿದೆ: ಆ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಓದಿರಬೇಕು. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ನಂತರ ಇಂಗ್ಲಿಷಿಗೆ ಹೋದವರು ಪಿಯುಸಿ, ಪದವಿ, ಸ್ನಾತಕೋತ್ತರ ಎಲ್ಲ ಸೇರಿಸಿ ಲೆಕ್ಕ ಹಾಕಿ, ಪ್ರತಿ ಸಂಸ್ಥೆಯಿಂದ ಮಾಧ್ಯಮದ ಪ್ರಮಾಣಪತ್ರ ಊರಲ್ಲಿದ್ದಾಗಲೇ ಪಡೆಯಿರಿ. ‘ಎಯ್‌ಕಾಯ್ವಾ’ ಎಂಬ ಖಾಸಗಿ ಸಂಭಾಷಣಾ ಶಾಲೆಗಳ ವೀಸಾ ಬೇರೆ, ಅದಕ್ಕೆ ಪದವಿ ಮುಖ್ಯ. ಸಂಗಾತಿಯ ಕೆಲಸದಿಂದಾಗಿ ಅವಲಂಬಿತ ವೀಸಾದಲ್ಲಿರುವವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ಕಲಿಸಬಹುದು. ಟೋಕಿಯೋದ ನಿಶಿಕಸಾಯ್ ಕಡೆ ಇರುವ ನಮ್ಮವರಲ್ಲಿ ಹಲವರಿಗೆ ಅನ್ವಯಿಸುವುದು ಇದೇ.

ಏಜೆನ್ಸಿ ಮೂಲಕ ಶಾಲೆಗೆ ಹೋಗುವವರು ಸಹಿ ಮಾಡುವ ಮೊದಲು ಎರಡು ವಿಷಯ ಕೇಳಬೇಕು. ಆಗಸ್ಟ್‌ನ ಬೇಸಿಗೆ ರಜೆಯಲ್ಲಿ, ಡಿಸೆಂಬರ್‌ನಲ್ಲಿ, ಮಾರ್ಚ್‌ನಲ್ಲಿ ಪೂರ್ತಿ ಸಂಬಳವೋ, ಕಡಿತವೋ. ಎರಡನೆಯದು, ಒಪ್ಪಂದ ಏಜೆನ್ಸಿ ನಿಮ್ಮನ್ನು ಶಾಲೆಗೆ ಕಳುಹಿಸಿಕೊಡುವ ಬಗೆಯದೋ, ಪಾಠದ ಕೆಲಸವನ್ನೇ ಏಜೆನ್ಸಿಗೆ ಗುತ್ತಿಗೆ ಕೊಟ್ಟ ಬಗೆಯದೋ. ಗುತ್ತಿಗೆಯದಾದರೆ ಕ್ಲಾಸ್ ಟೀಚರ್ ನಿಮಗೆ ನೇರವಾಗಿ ಸೂಚನೆ ಕೊಡುವಂತಿಲ್ಲ, ಎಲ್ಲವೂ ಏಜೆನ್ಸಿ ಮೂಲಕ ಬರಬೇಕು. ಇಬ್ಬರು ಒಟ್ಟಿಗೆ ನಿಂತು ಪಾಠ ಮಾಡಬೇಕಾದ ತರಗತಿಯಲ್ಲಿ ಇದು ಮಕ್ಕಳಿಗೇ ನಷ್ಟ. ಆಯ್ಕೆ ಇದ್ದರೆ ಕಡಿಮೆ ಸಂಬಳವಾದರೂ ಸ್ಥಳೀಯ ಶಿಕ್ಷಣ ಮಂಡಳಿಯೇ ನೇರವಾಗಿ ನೇಮಿಸಿಕೊಳ್ಳುವ ಕೆಲಸವನ್ನೇ ಹಿಡಿಯಿರಿ.